ಗಿರಣಿ ಪ್ರೇಮವ್ವ ಬಾಣಂತಿಗೆ ತಂದದ್ದು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಖಾರ ಕುಟ್ಟುವ ಗಿರಣಿ ನಡೆಸುತ್ತಿದ್ದ ಪ್ರೇಮವ್ವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಮಷಿನ್ನಿನ ಗದ್ದಲದ ಮೇಲೆ ಕೂಗಿ ಕೂಗಿ ಅವಳ ದನಿಯೇ ಹಾಗಾಗಿಬಿಟ್ಟಿತ್ತು. ಅವಳು ದೇವರ ಮುಂದೆ ಕೂತು ಬೇಡಿಕೊಂಡದ್ದು ಎರಡು ಮನೆ ಆಚೆ ಕೇಳಿಸುತ್ತದೆ, ಹಾಗಾಗಿ ಅವಳ ಕಷ್ಟಸುಖ ಓಣಿಗೆಲ್ಲ ಗೊತ್ತು ಎಂದು ಮಂದಿ ನಗುತ್ತಿದ್ದರು.

ಗಿರಣಿ ಮೊದಲು ಗಂಡ ಕರಬಸಪ್ಪನ ಕೈಯಲ್ಲಿತ್ತು. ಖಾರದ ಘಾಟಿಗೆ ಅವನ ಎದೆ ಸೋತು ಉಬ್ಬಸ ಹತ್ತಿಕೊಂಡಿತು. ಆಗ ಪ್ರೇಮವ್ವ ಮೂಗಿಗೆ ಅರಿವೆ ಕಟ್ಟಿಕೊಂಡು ತಾನೇ ಮಷಿನ್ನಿನ ಮುಂದೆ ನಿಂತಳು. ಕರಬಸಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಬಂದವರನ್ನು ಮಾತಾಡಿಸುವ ಕೆಲಸ ನೋಡಿಕೊಂಡ. ಒಳಗಿನ ಸದ್ದಿನಲ್ಲಿ ಮಾತು ಕೇಳದ್ದರಿಂದ ಗಂಡ ಹೆಂಡತಿ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಚೀಲ ಇಳಿಸು, ಸಣ್ಣಗೆ ಕುಟ್ಟು, ಊಟಕ್ಕೆ ಏಳು, ಎಲ್ಲಕ್ಕೂ ಒಂದೊಂದು ಸನ್ನೆ. ಜಗಳವನ್ನೂ ಅವರು ಹಾಗೆಯೇ ಮುಗಿಸುತ್ತಿದ್ದರು.

ತಂಗಿ ಶೈಲಶ್ರೀಯನ್ನು ಬೆಳೆಸಿದವಳು ಪ್ರೇಮವ್ವನೇ. ತಾಯಿ ತೀರಿಕೊಂಡಾಗ ಶೈಲಾ ಇನ್ನೂ ಲಂಗ ಹಿಡಿದುಕೊಂಡು ಓಡಾಡುವ ಹುಡುಗಿ. ಅಕ್ಕನ ಮನೆಯಲ್ಲಿ, ಮೆಣಸಿನಕಾಯಿ ಚೀಲಗಳಿಗೆ ಒರಗಿ ಓದಿ ಓದಿ ಕನ್ನಡ ಶಾಲೆಯ ಮಾಸ್ತರಿಣಿಯಾದಳು. ಹಾವೇರಿಯ ಕಿರಣಕುಮಾರನಿಗೆ ಕೊಟ್ಟು ಮದುವೆಯೂ ಆಯಿತು. ಅವನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಒಳ್ಳೆಯ ಹುಡುಗ, ಆದರೆ ತಾಯಿ ದೇವವ್ವನ ಮುಂದೆ ಅವನ ಬಾಯಿಗೆ ಬೀಗ. ದೇವವ್ವ ಕೆಟ್ಟವಳೇನಲ್ಲ. ಅಗಡಿಯಲ್ಲಿ ಹೊಲ, ಹಾವೇರಿಯಲ್ಲಿ ಮನೆ, ಎರಡನ್ನೂ ಒಬ್ಬಳೇ ತೂಗಿಸಿಕೊಂಡು ಬಂದವಳು. ಯಾವುದು ಹೇಗೆ ನಡೆಯಬೇಕೋ ಹಾಗೇ ನಡೆಯಬೇಕು ಎನ್ನುವ ಹೆಂಗಸು.

ಚೊಚ್ಚಲ ಬಾಣಂತನ ತವರಿನದು. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರೇಮವ್ವ ಆರು ತಿಂಗಳ ಮೊದಲೇ ಹಿಂದಿನ ಕೋಣೆ ಖಾಲಿ ಮಾಡಿ ಸುಣ್ಣ ಹೊಡೆಸಿದ್ದಳು. ಆದರೆ ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ಕರೆತಂದಾಗ ಶೈಲಶ್ರೀಗೆ ಎಂಥ ಕೆಮ್ಮು ಹತ್ತಿತೆಂದರೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಳು. ಹಾವೇರಿಯ ಡಾಕ್ಟರಮ್ಮ ಬೈದಳು. "ಆ ಖಾರದ ಗಾಳಿಯೊಳಗ ಬಸರಿನ ಇಟ್ಟೀರಲ್ಲ, ನಿಮಗ ಬುದ್ಧಿ ಐತೋ ಇಲ್ಲೋ?" ದೇವವ್ವ ಸೊಸೆಯನ್ನು ಮರುದಿನವೇ ಕರೆದುಕೊಂಡು ಹೋದಳು. "ಬಾಣಂತನಾ ನಮ್ಮನ್ಯಾಗ ಆಗ್ಲಿ ಬಿಡ್ರಿ ಬೀಗರ" ಎಂದಳು. ಸುಣ್ಣ ಹೊಡೆದ ಕೋಣೆಗೆ ಮತ್ತೆ ಚೀಲಗಳು ಬಂದು ಬಿದ್ದವು. ಪ್ರೇಮವ್ವ ಆ ಮಾತನ್ನು ನುಂಗಿಕೊಂಡಳೇ ಹೊರತು ಅರಗಿಸಿಕೊಳ್ಳಲಿಲ್ಲ.

ಶಿವರಾತ್ರಿ ಮುಗಿದು ಪೇಟೆಯಲ್ಲಿ ಮೆಣಸಿನಕಾಯಿ ಕೆಂಪಗೆ ರಾಶಿ ಬಿದ್ದ ದಿನಗಳಲ್ಲಿ ಕಿರಣಕುಮಾರನ ಫೋನು ಬಂತು. ಆಪರೇಶನ್ ಆಯಿತು, ಹೆಣ್ಣು ಕೂಸು, ಇಬ್ಬರೂ ಆರಾಮ.

ಪ್ರೇಮವ್ವ ಮಷಿನ್ ನಿಲ್ಲಿಸಿದಳು. ಸೀಗೆಪುಡಿ ಹಚ್ಚಿ ತಲೆಯ ಮೇಲೆ ನೀರು ಹಾಕಿಕೊಂಡು, ಟ್ರಂಕಿನಿಂದ ಮಡಿ ಸೀರೆ ತೆಗೆದು ಉಟ್ಟು, ಬಾಣಂತಿಗೆಂದು ತಾನೇ ಕಟ್ಟಿಟ್ಟಿದ್ದ ಅಂಟಿನುಂಡಿಯ ಡಬ್ಬಿ ಹಿಡಿದು, ಮೋಟೆಬೆನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿ ಹಾವೇರಿಯ ಆಸ್ಪತ್ರೆಗೆ ಬಂದಳು. ಮಹಡಿಯ ಮೇಲೆ ಸಣ್ಣ ಕೋಣೆ. ಮಂಚದ ಮೇಲೆ ಶೈಲಶ್ರೀ, ಮಗ್ಗುಲಿಗೆ ಬಿಳಿ ಅರಿವೆಯಲ್ಲಿ ಸುತ್ತಿದ ಅಂಗೈಯಗಲದ ಮುಖ.

"ಅಯ್ಯ ನನ್ನ ಬಂಗಾರಾ!" ಎಂದು ಪ್ರೇಮವ್ವ ಬಾಗಿದ್ದೇ ತಡ, ಶೈಲಶ್ರೀ ಸೀನಿದಳು. ಸೀನಿದವಳೇ ಹೊಟ್ಟೆ ಹಿಡಿದುಕೊಂಡು ಚೀರಿದಳು.

"ಅಯ್ಯೋ ಯವ್ವಾ, ಹೊಲಿಗಿ..." ಎನ್ನುವುದರೊಳಗೆ ಇನ್ನೊಂದು ಸೀನು. ಕಣ್ಣಲ್ಲಿ ನೀರು. ಕೂಸೂ ಮುಖ ಕಿವುಚಿ ಅಳತೊಡಗಿತು.

ದೇವವ್ವ ಪ್ರೇಮವ್ವನ ತೋಳು ಹಿಡಿದು ಬಾಗಿಲಾಚೆ ತಂದು ನಿಲ್ಲಿಸಿದಳು. "ಬೀಗರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮೈಯಾಗ ಖಾರ ಐತಿ."

"ತಲಿ ಮ್ಯಾಲೆ ನೀರು ಹಾಕ್ಕೊಂಡ ಬಂದೇನ್ರಿ. ಸೀರಿನೂ ಮಡಿದು."

"ಇದ್ದರೂ ಐತಿ. ನಿಮಗ ಗೊತ್ತಾಗೂದಿಲ್ಲ."

ಪ್ರೇಮವ್ವ ಸೆರಗನ್ನು ಮೂಗಿಗೆ ಹಿಡಿದು ನೋಡಿದಳು. ನಿಜಕ್ಕೂ ಏನೂ ಗೊತ್ತಾಗಲಿಲ್ಲ. ವರ್ಷಗಟ್ಟಲೆ ಅದರಲ್ಲೇ ಉಸಿರಾಡಿದ ಮೂಗು ಅದು. ಅಂಟಿನುಂಡಿಯ ಡಬ್ಬಿಯೂ ಒಳಗೆ ಹೋಗಲಿಲ್ಲ. ಡಾಕ್ಟರಮ್ಮ ಇನ್ನೂ ಗಂಜಿಯನ್ನಷ್ಟೇ ಹೇಳಿದ್ದಳು, ಮೇಲಾಗಿ ದೇವವ್ವ ತನ್ನ ಮನೆಯಲ್ಲಿ ಬೇರೆ ಉಂಡಿ ಕಟ್ಟಿಸಿದ್ದಳು.

ಹೊಸಿಲ ಹೊರಗೆ ನಿಂತು ಅವಳು ಒಳಗೆ ನೋಡಿದಳು. ಕಪಾಟಿನ ಮೇಲೆ ಬಂದವರು ಕೊಟ್ಟ ಉಡುಗೊರೆಗಳ ಗುಡ್ಡೆ. ಸೋಪು, ಪೌಡರು, ಎಣ್ಣೆ ಜೋಡಿಸಿದ ಗುಲಾಬಿ ಬಣ್ಣದ ಡಬ್ಬಿಗಳು, ಒಂದರ ಹಾಗೆ ಇನ್ನೊಂದು. ಝಾಲರಿಯ ಫ್ರಾಕುಗಳು, ಗಿಲಿಗಿಲಿ, ಬೆಳ್ಳಿಯ ಉಡದಾರ. ಎಲ್ಲ ಕೂಸಿಗೆ. ಮಂಚದ ಮೇಲೆ ಮಲಗಿದವಳು ಬಿಗಿಯಾದ ಲಂಗ ಕಟ್ಟಿ ಗಂಜಿ ಹಾಕಿದ ಸೀರೆ ಉಟ್ಟಿದ್ದಳು, ನೋಡಲು ಬರುವ ಮಂದಿಯ ಎದುರು ಮರ್ಯಾದೆಯಿಂದ ಇರಬೇಕಲ್ಲ. ಲಂಗದ ಗಂಟು ಹೊಲಿಗೆಗೆ ತಾಗುತ್ತಿತ್ತೇನೋ, ಆಗಾಗ ಎರಡು ಬೆರಳಿಂದ ಅದನ್ನು ಎತ್ತಿ ಹಿಡಿಯುತ್ತಿದ್ದಳು.

"ಶೈಲಾ, ನಿನಗೇನು ಬೇಕವಾ?" ಪ್ರೇಮವ್ವನ ದನಿಗೆ ಪಕ್ಕದ ಕೋಣೆಯ ಕೂಸು ಎಚ್ಚರಾಯಿತು.

"ಏನೂ ಬ್ಯಾಡಕ್ಕಾ" ಎಂದಳು ಶೈಲಶ್ರೀ, ಗೋಡೆಯ ಕಡೆ ಮುಖ ಮಾಡಿ.

ಆ 'ಬ್ಯಾಡ' ಪ್ರೇಮವ್ವನಿಗೆ ಗೊತ್ತು. ಚಿಕ್ಕವಳಿದ್ದಾಗ ಹಸಿದಾಗಲೂ ಶೈಲಾ ಹೀಗೆಯೇ ಹೇಳುತ್ತಿದ್ದಳು. ಬಾಣಂತನವಂತೂ ಕೈತಪ್ಪಿತು, ಹಡೆದವಳಿಗೆ ತವರಿನಿಂದ ಒಂದು ಒಳ್ಳೆಯ ವಸ್ತುವಾದರೂ ಬರಬೇಕು, ಅದು ಕೂಸಿಗಲ್ಲ, ಇವಳಿಗೇ ಎಂದು ಗಟ್ಟಿ ಮಾಡಿಕೊಂಡು ಮೆಟ್ಟಿಲಿಳಿದಳು.

ಬಸ್ ನಿಲ್ದಾಣದ ದಾರಿಯಲ್ಲಿ ಉಡುಗೊರೆ ಸಾಮಾನಿನ ಅಂಗಡಿಯಿತ್ತು. "ಆಸ್ಪತ್ರ್ಯಾಗ ಹಡದಾರ, ಏನರ ಚೊಲೋದು ತೋರಸು ತಮ್ಮಾ."

"ಗಂಡೋ ಹೆಣ್ಣೋ ಅಕ್ಕಾರ?" ಎನ್ನುತ್ತಲೇ ಅಂಗಡಿಯವನು ಅದೇ ಗುಲಾಬಿ ಡಬ್ಬಿ ಇಳಿಸಿದ.

"ಕೂಸಿಗಲ್ಲೋ, ಹಡದಾಕಿಗೆ."

"ಹಡದಾಕಿಗೆ?" ಅವನು ತಲೆ ಕೆರೆದುಕೊಂಡ. ಅಂಗಡಿಯನ್ನು ಒಂದು ಸುತ್ತು ನೋಡಿದ. ಕೊನೆಗೆ ಗೋಡೆ ಗಡಿಯಾರ ತಂದಿಟ್ಟ.

"ಹಡದಾಕಿ ಮಲಕೊಂಡು ತಾಸು ಎಣಿಸಬೇಕೇನು?"

ಗಾಜಿನ ಬಟ್ಟಲುಗಳ ಸೆಟ್ಟು ತಂದ. ಬಣ್ಣದ ನೀರಿನಲ್ಲಿ ಪ್ಲಾಸ್ಟಿಕ್ ಮೀನು ತೇಲುವ ದೀಪ ತಂದು ಗುಂಡಿ ಒತ್ತಿ ತೋರಿಸಿದ. ಮೀನು ಅಲ್ಲಾಡಿತು. ಪ್ರೇಮವ್ವ ಆ ಮೀನನ್ನು ನೋಡಿದಳು, ಅಂಗಡಿಯವನನ್ನು ನೋಡಿದಳು, ಹೊರಗೆ ಬಂದಳು.

ಬಟ್ಟೆ ಅಂಗಡಿಯಲ್ಲಿ ಇನ್ನೊಂದು ಕಥೆ. ಬಾಣಂತಿಗೆ ಎಂದ ಕೂಡಲೇ ಜರಿಯಂಚಿನ ಸೀರೆಗಳು ಗಾದಿಯ ಮೇಲೆ ಹರಡಿದವು.

"ಇವೆಲ್ಲಾ ತಗೀರಿ, ಮೆತ್ತಂದು ತೋರಿಸ್ರಿ" ಎಂದಳು.

"ಇದನ್ನ ಉಡಿಸಿದ್ರ ನಾಕು ಮಂದ್ಯಾಗ ನಿಮ್ಮ ಹೆಸರು ಆಗ್ತೇತ್ರಿ."

"ಆಕಿ ಹೊಟ್ಟಿಗೆ ಹೊಲಿಗಿ ಹಾಕ್ಯಾರ. ನನ್ನ ಹೆಸರು ತಗೊಂಡು ಆಕಿ ಏನ್ ಮಾಡ್ತಾಳ?" ಅವಳ ದನಿಗೆ ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಇಷ್ಟು ದೊಡ್ಡ ಊರಲ್ಲಿ ಹಡೆದ ಹೆಂಗಸಿಗಾಗಿ ಒಂದು ಸಾಮಾನು ಇಲ್ಲವಲ್ಲ ಎಂದು ಅವಳು ಬಸ್ಸಿನಲ್ಲಿ ಬ್ಯಾಡಗಿಯ ತನಕ ಗೊಣಗಿದಳು. ಪಕ್ಕದಲ್ಲಿ ಕೂತ ಮುದುಕಿ ಮೂಗಿಗೆ ಸೆರಗು ಹಿಡಿದು ಕಿಟಕಿಯ ಕಡೆ ಸರಿದುಕೂತಳು. ಅದನ್ನು ನೋಡಿ ಸಿಟ್ಟು ಇನ್ನಷ್ಟು ಏರಿತು.

ಮರುದಿನ ರಾಣೆಬೆನ್ನೂರಿಗೆ ಹೋದಳು. ಅದು ದೊಡ್ಡ ಪೇಟೆ, ಅಲ್ಲಿ ಸಿಕ್ಕೀತು ಎಂದುಕೊಂಡಳು. ಅಷ್ಟೊತ್ತಿಗೆ ಏನು ಬೇಕೆಂಬುದೂ ಅವಳಿಗೆ ಹೊಳೆದಿತ್ತು. ಸೊಂಟಕ್ಕೆ ಗಂಟಿಲ್ಲದ, ಮುಂದೆ ಗುಂಡಿಯಿರುವ ಸಡಿಲವಾದ ಮ್ಯಾಕ್ಸಿ. ಹಾಲು ಕುಡಿಸಲು ಅನುಕೂಲ, ಹೊಲಿಗೆಗೂ ಏನೂ ತಾಗುವುದಿಲ್ಲ. ಆದರೆ ತಯಾರಾಗಿ ಸಿಕ್ಕ ಮ್ಯಾಕ್ಸಿಗಳಿಗೆಲ್ಲ ಎದೆಯ ಮೇಲೆ ಚುಚ್ಚುವ ಕಸೂತಿ, ಇಲ್ಲವೆ ಬೆನ್ನಿಗೆ ಚೈನು. ಬಿಸಿಲಲ್ಲಿ ನಾಲ್ಕೈದು ಅಂಗಡಿ ಹತ್ತಿ ಇಳಿದಳು. ಕೊನೆಗೆ ಸಿದ್ದಲಿಂಗಪ್ಪ ಎಂಬ ಹಿರಿಯ ವ್ಯಾಪಾರಿ ಮೇಲಿನ ಹಲಗೆಯಿಂದ ತೆಳ್ಳಗಿನ ಹತ್ತಿಯ ಬಟ್ಟೆ ಇಳಿಸಿ, "ಇದನ್ನ ಹೊಲಿಸ್ರಿ ತಂಗಿ, ತಯಾರದ್ದು ಹುಡಕಬ್ಯಾಡ್ರಿ" ಎಂದು ಹಿಂದಿನ ಗಲ್ಲಿಯ ಮಹಮೂದಾಬೇಗಂಳ ಮನೆ ತೋರಿಸಿದ.

ಮಹಮೂದಾಬೇಗಂ ಮನೆಯಲ್ಲೇ ಹೊಲಿಗೆ ಮಾಡುವ ಹೆಂಗಸು. ರಂಜಾನು, ಮದುವೆ ಯಾವುದೂ ಇಲ್ಲದ ಆ ದಿನವೂ ಅವಳ ಮುಂದೆ ಅರಿವೆಯ ರಾಶಿ. "ಎಂಟು ದಿನಾ ಬಿಟ್ಟು ಬರ್ರಿ" ಎಂದಳು.

"ಎಂಟು ದಿನಕ್ಕ ಆಕಿ ಮನಿಗೆ ಹೋಗಿರ್ತಾಳ್ರೀ ಯವ್ವಾ."

"ಯಾರು?"

"ನನ್ನ ತಂಗಿ. ಆಪರೇಶನ್ ಮಾಡಿ ಹಡದಾಳ. ಲಂಗದ ಗಂಟು ಹೊಲಿಗಿಗೆ ಹತ್ತಾಕತ್ತೇತಿ."

ಮಹಮೂದಾಬೇಗಂ ಕೈಯಲ್ಲಿದ್ದ ಜಂಪರು ಬದಿಗಿಟ್ಟಳು. "ಮೂರನೇ ಮಗನ್ನ ಹಡದಾಗ ನಂದೂ ಹಂಗ ಆಗಿತ್ತು. ಕುಂದ್ರಿ, ಸಂಜೀಕ ಕೊಡ್ತೇನಿ. ಆದ್ರ ಸ್ವಲ್ಪ ಹೊರಗಿನ ಕಟ್ಟಿ ಮ್ಯಾಲೆ ಕುಂದರ್ರಿ ಅಕ್ಕಾ, ಯಾಕೋ ಮೂಗು ಕೆರಿಯಾಕತ್ತೇತಿ."

ಪ್ರೇಮವ್ವ ತುಟಿ ಕಚ್ಚಿಕೊಂಡು ಕಟ್ಟೆಯ ಮೇಲೆ ಕೂತಳು.

ಮ್ಯಾಕ್ಸಿ ಚೆಂದ ಆಯಿತು. ಹಾಲುಬಣ್ಣದ ಮೇಲೆ ಸಣ್ಣ ನೀಲಿ ಹೂವು, ಮುಂದೆ ಹೊಟ್ಟೆಯ ತನಕ ಗುಂಡಿ, ತೋಳು ಅಗಲ. ಆದರೆ ಹೊಸ ಅರಿವೆ, ಗಂಜಿ ಇನ್ನೂ ಬಿಟ್ಟಿರಲಿಲ್ಲ. ಮುಟ್ಟಿದರೆ ಗರಗರ ಎನ್ನುತ್ತಿತ್ತು. ಅದಕ್ಕಾಗಿಯೇ ಇಷ್ಟೆಲ್ಲ ಒದ್ದಾಡಿದವಳು ಹಾಗೇ ಒಯ್ದಾಳೆಯೇ? ಮರುದಿನ ನಸುಕಿನಲ್ಲೇ ಎದ್ದು ಬಿಸಿನೀರಿನಲ್ಲಿ ಹಿಂಡಿ ಹಿಂಡಿ ತೊಳೆದು, ಗಿರಣಿ ಬಂದ್ ಇದೆಯಲ್ಲ ಎಂಬ ಧೈರ್ಯದಿಂದ ಹಿತ್ತಲ ಹಗ್ಗದ ಮೇಲೆ ಒಣಹಾಕಿ, ಹಾಲು ತರಲು ಹೋದಳು. ಬಂದು ಅಡಿಗೆ ಮಾಡಿ, ಒಣಗಿದ್ದನ್ನು ಮಡಚಿ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಈ ಸಲ ಒಳಗೆ ಕಾಲಿಡಲಿಲ್ಲ. ಹೊಸಿಲಲ್ಲೇ ನಿಂತು ದೇವವ್ವನ ಕೈಗೆ ಚೀಲ ಕೊಟ್ಟಳು. ದೇವವ್ವ ಬಿಚ್ಚಿ ನೋಡಿ, "ಮ್ಯಾಕ್ಸಿ? ಮಂದಿ ಬರ್ತಾರ ಬೀಗರ. ಇದನ್ನ ಹಾಕ್ಕೊಂಡು ಹಿರ್ಯಾರ ಮುಂದ ಹೆಂಗ ಕುಂದ್ರತಾಳ?" ಎಂದಳು.

"ಅತ್ತಿ, ಇರ್ಲಿ. ನಾ ಹಾಕ್ಕೋತೇನಿ" ಎಂಬ ದನಿ ಮಂಚದಿಂದ ಬಂತು. ಆಸ್ಪತ್ರೆಗೆ ಸೇರಿದ ಮೇಲೆ ಶೈಲಶ್ರೀ ಇಂಥದು ಬೇಕೆಂದು ಹೇಳಿದ್ದು ಅದೇ ಮೊದಲೇನೋ. ನರ್ಸು ಬಂದು ಬಾಗಿಲು ಮುಂದೆ ಮಾಡಿ ಉಡುಪು ಬದಲಿಸಿದಳು. ಹೊರಗೆ ನಿಂತ ಪ್ರೇಮವ್ವನಿಗೆ ಒಳಗಿನಿಂದ ಉದ್ದನೆಯ ಉಸಿರು ಕೇಳಿಸಿತು. "ಅಬ್ಬಾ... ಹಗುರಾತು ಅಕ್ಕಾ!"

ಪ್ರೇಮವ್ವನ ಕಣ್ಣು ತುಂಬಿ ಬಂತು. ಎರಡು ದಿನದ ಬಿಸಿಲು, ಬಸ್ಸು, ಪ್ಲಾಸ್ಟಿಕ್ ಮೀನು ಎಲ್ಲ ಮರೆತುಹೋಯಿತು.

ಆ ಸುಖ ಎರಡು ನಿಮಿಷವೂ ಬಾಳಲಿಲ್ಲ.

"ಅತ್ತಿ, ಕುತಗಿ ಉರಿಯಾಕತ್ತೇತಿ..." ಅದರ ಹಿಂದೆಯೇ ಒಂದು ಸೀನು, ಒಂದು ಚೀರು. ಮತ್ತೆ ಸೀನು. ಕೂಸು ಕಿರುಚತೊಡಗಿತು. ನರ್ಸೂ ಸೀನಿದಳು. ಬಾಗಿಲು ತೆರೆದು ದೇವವ್ವ ಹೊರಬಂದಳು, ಮ್ಯಾಕ್ಸಿಯನ್ನು ಎರಡು ಬೆರಳಲ್ಲಿ ಹಿಡಿದು.

"ನಿಮಗ ಏನ್ ಹೇಳೂದು ಬೀಗರ! ಕೂಸು ಎದಿಗೆ ಬಾಯಿ ಹಾಕೂ ಅರಿವಿ ಇದು. ಖಾರ ಹಚ್ಚಿ ತಂದೀರಲ್ಲ!"

"ಇಲ್ರೀ... ಇವತ್ತ ಮುಂಜಾನೆ ತೊಳದೇನ್ರಿ..."

"ನೋಡ್ರಿ ಹಂಗಾದ್ರ" ಎಂದು ದೇವವ್ವ ಅದನ್ನು ಅವಳ ಕೈಗೆ ತುರುಕಿ ಒಳಹೋದಳು.

ಪ್ರೇಮವ್ವ ಅರಿವೆಯನ್ನು ಮುಖಕ್ಕೆ ಒತ್ತಿಕೊಂಡು ಮೂಸಿದಳು. ಬಿಸಿಲಿನ ವಾಸನೆಯ ಹೊರತು ಏನೂ ಇಲ್ಲ. ಕೆಳಗಿಳಿದು ಆಸ್ಪತ್ರೆ ಎದುರಿನ ಅಂಗಡಿಯ ಕಾಯಿನ್ ಡಬ್ಬಿ ಫೋನಿನಿಂದ ಗಂಡನಿಗೆ ಫೋನು ಹಚ್ಚಿದಳು.

"ಗಿರಣಿ ಚಾಲೂ ಮಾಡಿದ್ರೇನು ಮುಂಜಾನೆ?"

"ಹ್ಞೂಂ, ನೀ ಹಾಲಿಗೆ ಹೋದಾಗ ಸ್ವಲ್ಪ ಹೊತ್ತು" ಎಂದ ಕರಬಸಪ್ಪ, ಕೆಮ್ಮುತ್ತ. "ಮೋಟೆಬೆನ್ನೂರಿನವರು ಬಂದು ಕುಂತಿದ್ರು. ಮೂಗಿಗೆ ಹಸಿ ಟಾವೆಲ್ ಕಟ್ಟಿಕೊಂಡು ಕುಟ್ಟಿಕೊಟ್ಟೆ. ನಿನಗ ಅಷ್ಟ ಕೆಲಸಾ ಕಡಿಮಿ ಆಗ್ಲಿ ಅಂತ."

ಹಸಿ ಮ್ಯಾಕ್ಸಿ ಹಗ್ಗದ ಮೇಲಿತ್ತು. ಗಿರಣಿಯ ಖಾರದ ಘಾಟು ಹೊರಬೀಳುವ ಕಿಂಡಿ ಹಿತ್ತಲ ಕಡೆಗೇ ಇತ್ತು. ಬೈಯಬೇಕೆಂದರೆ ಆ ಮನುಷ್ಯ ಉಬ್ಬಸ ಇಟ್ಟುಕೊಂಡು ತನಗಾಗಿಯೇ ಮಾಡಿದ್ದ. ಯಾರಿಗೆ ಬೈಯುವುದು? ಅವಳು ಫೋನನ್ನು ಕುಕ್ಕಿ ಇಟ್ಟ ರೀತಿಗೆ ಅಂಗಡಿಯವನು, "ಅಕ್ಕಾರ, ಅದು ಒಡೀತೇತಿ" ಎಂದ.

ಮೇಲೆ ಬಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಳು. ಮನೆಗೆ ಹೋಗುವ ಮನಸ್ಸಿರಲಿಲ್ಲ, ಒಳಗೆ ಹೋಗುವ ಹಾಗಿರಲಿಲ್ಲ. ದೇವವ್ವ ಊಟ ತರಲು ಮನೆಗೆ ಹೋಗುತ್ತ ಅವಳ ಕಡೆ ನೋಡಲೂ ಇಲ್ಲ.

ಹೊರಗೆ ಕೂತದ್ದರಿಂದ ಅವಳಿಗೆ ಬರುವವರೆಲ್ಲ ಕಂಡರು. ಅಗಡಿಯಿಂದ ಹೆಂಗಸರ ಒಂದು ಗುಂಪು ಬಂತು. ಬಾಗಿಲು ದೂಡಿ ಒಳಹೋಯಿತು. "ಏಳವಾ, ಎದ್ದು ಕುಂಡ್ರು, ಕೂಸಿನ್ನ ತೋರಸು." "ಯಾಕ ಆಪರೇಶನ್ ಮಾಡಿಸಿದಿ? ಸ್ವಲ್ಪ ತಡಕೋಬೇಕಿತ್ತು." "ಹೆಣ್ಣಾತೇನು? ಇರ್ಲಿ ಬಿಡು, ಮುಂದಿಂದು ಗಂಡಾಗ್ತೇತಿ." ಅವರು ಗುಲಾಬಿ ಡಬ್ಬಿ ಇಟ್ಟು ಹೋದರು. ಬಾಗಿಲ ಸಂದಿಯಿಂದ ಪ್ರೇಮವ್ವ ನೋಡಿದಳು. ಶೈಲಶ್ರೀ ಹೊಟ್ಟೆಗೆ ಕೈ ಒತ್ತಿ ಹಿಡಿದು ಮೆಲ್ಲಗೆ ಮತ್ತೆ ಮಲಗಿದಳು. ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಕಿರಣಕುಮಾರನ ಆಫೀಸಿನವರು ಬಂದರು. ಮತ್ತೆ ಎದ್ದು ಕೂತಳು, ಮತ್ತೆ ನಕ್ಕಳು. ಅವರು ಹೋದ ಮೇಲೆ ಶಾಲೆಯ ಮಾಸ್ತರಿಣಿಯರು. ಎಚ್ಚರಗೊಂಡ ಕೂಸನ್ನು ಅತ್ತು ಅತ್ತು ಸುಮ್ಮನಾಗುವ ತನಕ ಕೈಯಿಂದ ಕೈಗೆ ದಾಟಿಸಿದರು.

ನರ್ಸು ಔಷಧದ ತಟ್ಟೆ ಹಿಡಿದು ಹೊರಬರುತ್ತ, "ಹೆತ್ತಾಗಿಂದ ಈ ಹುಡುಗಿ ಒಂದು ತಾಸು ನೆಟ್ಟಗ ಮಲಗಿಲ್ರಿ. ಮಂದಿಗೆ ಹೇಳಿ ಹೇಳಿ ನಮಗೂ ಸಾಕಾತು, ಯಾರೂ ಕೇಳೂದಿಲ್ಲ" ಎಂದಳು.

ಪ್ರೇಮವ್ವ ಬಾಗಿಲ ಸಂದಿಯಲ್ಲಿ ಇನ್ನೊಮ್ಮೆ ಇಣುಕಿದಳು. ಶೈಲಶ್ರೀಯ ಕಣ್ಣ ಕೆಳಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಕೂಸು ಆಗಷ್ಟೇ ಹಾಲು ಕುಡಿದು ಮಲಗಿತ್ತು.

"ಮಲಗು" ಎಂದಳು ಪ್ರೇಮವ್ವ.

"ಯಾರರ ಬರ್ತಾರಕ್ಕಾ..."

"ನಾ ಅದೇನಿ. ಮಲಗು."

ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಹಚ್ಚಿ ನಿಂತಳು.

ಮೊದಲು ಬಂದವರು ದೇವವ್ವನ ಓಣಿಯ ಇಬ್ಬರು ಹೆಂಗಸರು. ಪ್ರೇಮವ್ವ ಬಾಯಿ ತೆರೆಯಲು ಹೋಗಿ ತಟ್ಟನೆ ಮುಚ್ಚಿದಳು. ಅವಳ ದನಿ ಎದ್ದರೆ ಒಳಗಿನವಳು ಮಾತ್ರವಲ್ಲ, ಇಡೀ ಆಸ್ಪತ್ರೆಯೇ ಏಳುತ್ತದೆ. ಆದ್ದರಿಂದ ಮಷಿನ್ನಿನ ಮುಂದೆ ಗಂಡನಿಗೆ ಮಾಡುವ ಹಾಗೆ ಅಂಗೈ ಎತ್ತಿ ನಿಲ್ಲಿಸಿ, ಕೆನ್ನೆಗೆ ಕೈಯಿಟ್ಟು ನಿದ್ದೆಯೆಂದು ತೋರಿಸಿ, ಬೆರಳಿಂದ ಮೆಟ್ಟಿಲು ತೋರಿಸಿದಳು. ಆ ಹೆಂಗಸರು ಮೂಕಿ ಇರಬೇಕು ಪಾಪ ಎಂದುಕೊಂಡು ತಂದದ್ದನ್ನು ಬೆಂಚಿನ ಮೇಲಿಟ್ಟು ಇಳಿದುಹೋದರು. ಇನ್ನೊಂದು ಗುಂಪೂ ಹಾಗೇ ಹೋಯಿತು. ಒಬ್ಬಳು ಪಕ್ಕದಿಂದ ನುಗ್ಗಲು ನೋಡಿದಳು. ಪ್ರೇಮವ್ವ ಅವಳ ಹತ್ತಿರ ಸರಿದು ತನ್ನ ಸೆರಗನ್ನು ಒಮ್ಮೆ ಜಾಡಿಸಿದಳು. ಆಕೆ ಸೀನುತ್ತ ಓಡಿದಳು.

ಆಮೇಲೆ ಬಂದವನು ಮೋಟೆಬೆನ್ನೂರಿನ ಮೈಲಾರೆಪ್ಪ, ದೇವವ್ವನ ಅಣ್ಣ. ತಲೆಗೆ ಬಿಳಿ ಪಟಗ, ಹಿಂದೆ ಹೆಂಡತಿ, ಸೊಸೆ, ಬಾಳೆಹಣ್ಣಿನ ಬುಟ್ಟಿ. ಪ್ರೇಮವ್ವನ ಅಂಗೈ ಅವನ ಮುಂದೆಯೂ ಎದ್ದಿತು.

"ಏನಿದು? ನಾ ಯಾರು ಗೊತ್ತೈತೇನು?"

ಗೊತ್ತು ಎಂದು ತಲೆ ಅಲ್ಲಾಡಿಸಿದಳು. ತುಟಿಯ ಮೇಲೆ ಬೆರಳಿಟ್ಟಳು. ಮೆಟ್ಟಿಲು ತೋರಿಸಿದಳು. ಮೈಲಾರೆಪ್ಪನ ಮುಖ ಕೆಂಪಾಯಿತು. ಜೀವಮಾನದಲ್ಲಿ ಅವನನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಿರಲಿಲ್ಲ. ಬುಟ್ಟಿ ಸಮೇತ ತಿರುಗಿ ಇಳಿದುಹೋದ.

ಸ್ವಲ್ಪ ಹೊತ್ತಿಗೆ ದೇವವ್ವ ಊಟದ ಡಬ್ಬಿ ಹಿಡಿದು ದಡದಡ ಮೆಟ್ಟಿಲು ಹತ್ತಿ ಬಂದಳು. ಅಣ್ಣ ಗೇಟಿನ ಹತ್ತಿರ ಸಿಕ್ಕು ಎಲ್ಲ ಹೇಳಿದ್ದ.

"ನಮ್ಮಣ್ಣನ್ನ ಹೊರಗ ನಿಲ್ಲಿಸಿದ್ರೇನು?"

"ಮೆಲ್ಲಕ ಮಾತಾಡ್ರಿ" ಎಂದಳು ಪ್ರೇಮವ್ವ. ಅವಳ ಬಾಯಿಂದ ಆ ಮಾತು ಬಂದದ್ದೇ ದೊಡ್ಡದು. "ಮಕ್ಕೊಂಡಾಳ."

"ಅವರು ನಮ್ಮ ಮಂದಿ. ಅವರನ್ನ ಬ್ಯಾಡ ಅನ್ನಾಕ ನೀವ್ಯಾರು?"

"ನಾ ಆಕೀನ್ನ ಸಾಕಿದಾಕಿ. ನಾ ತಂದ ಉಂಡಿ ಬ್ಯಾಡ ಅಂದ್ರಿ, ಬಿಟ್ಟೆ. ಅರಿವಿ ಬ್ಯಾಡ ಅಂದ್ರಿ, ಅದು ಖರೇನ ನನ್ನ ತಪ್ಪು. ನನ್ನ ಮೈ ಬ್ಯಾಡ ಅಂದ್ರಿ, ಹೊರಗ ಕುಂತೇನಿ. ಆದ್ರ ಹೊರಗ ನಿಂದ್ರಬ್ಯಾಡ ಅನಬ್ಯಾಡ್ರಿ."

ಇಬ್ಬರೂ ಪಿಸುದನಿಯಲ್ಲೇ, ಕುತ್ತಿಗೆಯ ನರ ಉಬ್ಬಿಸಿಕೊಂಡು ಜಗಳವಾಡಿದರು. ಕೊನೆಗೆ ದೇವವ್ವ ಅವಳನ್ನು ಸರಿಸಿ ಬಾಗಿಲು ದೂಡಿದಳು. ಶೈಲಶ್ರೀ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಸೆರಗು ಜಾರಿತ್ತು, ಒಂದು ಕಾಲು ಮಂಚದ ಹೊರಗೆ. ಮರ್ಯಾದೆಯ ಸೊಸೆ ಹಾಗೆ ಮಲಗಿದ್ದನ್ನು ದೇವವ್ವ ಹಿಂದೆ ನೋಡಿರಲಿಲ್ಲ. ಊಟದ ಡಬ್ಬಿಯನ್ನು ಮೆಲ್ಲಗೆ ಹೊಸಿಲ ಒಳಗಿಟ್ಟಳು. ಆಮೇಲೆ ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿ, "ಇದನ್ನ ನಾ ಮರಿಯೂದಿಲ್ಲ" ಎಂದು ಬೆಂಚಿನ ಆ ತುದಿಗೆ ಹೋಗಿ ಕೂತಳು. ಪ್ರೇಮವ್ವ ಈ ತುದಿಗೆ ಕೂತಳು. ನಡುವೆ ಬಂದವರು ಇಟ್ಟುಹೋದ ಉಡುಗೊರೆಗಳು.

ಮಧ್ಯಾಹ್ನದ ನಂತರ ಕೂಸು ಕುಂಯ್ ಎಂದಿತು. ಪ್ರೇಮವ್ವ ಎದ್ದಳು, ನೆನಪಾಗಿ ಮತ್ತೆ ಕೂತಳು. ದೇವವ್ವ ಒಳಹೋಗಿ, ಸೊಸೆಯನ್ನು ಎಬ್ಬಿಸದೆ, ಕೂಸನ್ನೆತ್ತಿಕೊಂಡು ಹೊರಬಂದಳು. ಪಡಸಾಲೆಯ ಆ ಕೊನೆಯಲ್ಲಿ ಹಿಂದೆ ಮುಂದೆ ಓಡಾಡುತ್ತ ತೂಗಿದಳು. ಪ್ರೇಮವ್ವ ದೂರದಿಂದ ಕತ್ತು ಉದ್ದ ಮಾಡಿ ನೋಡಿದಳು. ಮೊದಲು ಅವಳಿಗೆ ಕೂಸಿನ ಒಂದು ಕಿವಿ ಮಾತ್ರ ಕಂಡಿತು. ಒಂದು ಸಲ ದೇವವ್ವ ತಿರುಗುವಾಗ ಕೂಸಿನ ಮುಖ ಇವಳ ಕಡೆ ಬರುವ ಹಾಗೆ ತೋಳು ಬದಲಿಸಿದಳು. ಬೇಕೆಂದೇ ಮಾಡಿದಳೋ, ತೋಳು ನೋಯುತ್ತಿತ್ತೋ, ಹೇಳುವುದು ಕಷ್ಟ.

ಬಿಸಿಲು ಇಳಿಯುವ ಹೊತ್ತಿಗೆ ಕೂಸು ಹಸಿವೆಗೆ ತಡೆಯದೆ ಅತ್ತಾಗ ಶೈಲಶ್ರೀ ಎದ್ದಳು. ಹಾಲು ಕುಡಿಸುತ್ತ ಬಾಗಿಲ ಕಡೆ ನೋಡಿ ಕರೆದಳು. "ಅಕ್ಕಾ."

"ಏನವಾ?"

"ನಾಳೆನೂ ಬರ್ತಿಯೇನು?"

"ಏನ್ ತರಲಿ?"

"ಏನೂ ಬ್ಯಾಡ. ಬಾಗಲಾಗ ನಿಂದ್ರು." ಈ ಸಲದ 'ಬ್ಯಾಡ' ಬೇರೆಯಾಗಿತ್ತು.

ಪ್ರೇಮವ್ವ ಮನೆಗೆ ಹೋಗುವ ಬಸ್ಸಿನಲ್ಲಿಯೂ ಸಮಾಧಾನದಿಂದಿರಲಿಲ್ಲ. ಇಷ್ಟು ತಿರುಗಾಡಿ ಕೊನೆಗೆ ತವರಿನದು ಅಂತ ತೋರಿಸಲು ಒಂದು ವಸ್ತುವೂ ಉಳಿಯಲಿಲ್ಲವಲ್ಲ, ತೊಟ್ಟಿಲ ದಿನ ಮಂದಿ ಕೇಳಿದರೆ ಏನು ಹೇಳುವುದು ಎಂದು ಚಡಪಡಿಸಿದಳು. ಮಂದಿ ಕೇಳಿಯೂ ಕೇಳಿದರು. ಮೈಲಾರೆಪ್ಪನಂತೂ ತೊಟ್ಟಿಲಿಗೆ ಬರಲೇ ಇಲ್ಲ. ಆ ಮಾತು ದೇವವ್ವನ ಬಾಯಲ್ಲಿ ವರ್ಷಗಟ್ಟಲೆ ಉಳಿಯಿತು. ಅವಳು ಬೆಂಚಿನ ಮೇಲೆ ಬಿಟ್ಟುಬಂದಿದ್ದ ಮ್ಯಾಕ್ಸಿ ಮಾತ್ರ ಹಾವೇರಿಯಲ್ಲೇ ಮೂರು ನಾಲ್ಕು ಸಲ ತೊಳೆದ ಮೇಲೆ ಶೈಲಶ್ರೀಯ ಮೈಮೇಲೆ ಕಂಡಿತಂತೆ, ಕಿರಣಕುಮಾರ ಫೋನಿನಲ್ಲಿ ಗುಟ್ಟಾಗಿ ಹೇಳಿದ.

ಅದೆಲ್ಲ ಆಮೇಲಿನದು. ಶೈಲಾ ಬಾ ಎಂದ ಮರುದಿನ, ಭರ್ತಿ ಹಂಗಾಮಿನಲ್ಲಿ, ಗಿರಣಿಗೆ ಕೀಲಿ ಬಿತ್ತು. ಚೀಲ ಹೊತ್ತು ಬಂದವರು ಗೊಣಗಿದರು. ಕರಬಸಪ್ಪ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಒಂದೊಂದು ನೆವ ಹೇಳಿದ. ಪ್ರೇಮವ್ವ ಹಾವೇರಿಯಲ್ಲಿ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದಳು. ಮಧ್ಯಾಹ್ನ ದೇವವ್ವ ಊಟ ತಂದಳು. ಒಳಗೆ ಹೋದಳು, ತುಸು ಹೊತ್ತಿಗೆ ಹೊರಗೆ ಬಂದು ಒಂದು ತಾಟು ಬೆಂಚಿನ ಮೇಲೆ ಕುಕ್ಕಿದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಕುಕ್ಕಿದವಳೇ ಬೆನ್ನು ತಿರುಗಿಸಿ ಒಳಹೋದಳು.

ಪ್ರೇಮವ್ವ ಸ್ವಲ್ಪ ಹೊತ್ತು ಬಿಗುಮಾನದಿಂದ ತಾಟು ಮುಟ್ಟಲಿಲ್ಲ. ಆಮೇಲೆ ಹಸಿವೆ ತಡೆಯಲಿಲ್ಲ.

"ಪಲ್ಯಾಕ ಉಪ್ಪು ಹಾಕೂದ ಮರತಾರ" ಎಂದು ತನಗಷ್ಟೇ ಕೇಳುವಷ್ಟು ಮೆಲ್ಲಗೆ ಗೊಣಗಿ, ಎರಡೂ ರೊಟ್ಟಿ ತಿಂದು ಮುಗಿಸಿದಳು.